ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣಿನ ಚಿತ್ರ ಅಷ್ಟು ಜೀವಂತವಾಗಿ ಕಾಣುವುದು ಯಾಕೆ?

ಮೊದಲಿಗೆ, ಅದು ರವಿವರ್ಮನ ಚಿತ್ರ ಅಲ್ಲ. ಮೈಸೂರಿನಲ್ಲೇ ಎಷ್ಟೋ ಜನ ಹಾಗಂದುಕೊಂಡಿದ್ದಾರೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಇದನ್ನು ಎಸ್.ಎಲ್. ಹಲ್ದಂಕರ್ ಬರೆದಿದ್ದು 1940ರ ದಶಕದಲ್ಲಿ. ದೀಪ ಹಿಡಿದು ಎದುರಿಗೆ ನಿಂತವರು ಅವರ ಮಗಳೇ.

ಗುಟ್ಟೆಲ್ಲ ಬೆರಳುಗಳಲ್ಲಿದೆ. ದೀಪ ಆರದಂತೆ ಅಡ್ಡ ಹಿಡಿದ ಆ ಕೈಯನ್ನು ಹತ್ತಿರದಿಂದ ನೋಡಿ. ಟಾರ್ಚಿಗೆ ಅಂಗೈ ಅಡ್ಡ ಇಟ್ಟರೆ ಬೆರಳ ಅಂಚು ಕೆಂಪಗಾಗುತ್ತದೆ ಅಲ್ವಾ, ಥೇಟ್ ಹಾಗೇ ಇದೆ. ಅಲ್ಲಿಂದ ಬೆಳಕು ಮುಖಕ್ಕೆ ಏರುತ್ತದೆ. ಸುತ್ತ ಕತ್ತಲು, ಹಾಗಾಗಿ ಕಣ್ಣು ಬೇರೆ ಕಡೆ ಹೋಗುವುದೇ ಇಲ್ಲ.

ಜೊತೆಗೆ ಇದು ಜಲವರ್ಣ. ಎಣ್ಣೆಬಣ್ಣವಾದರೆ ತಪ್ಪಿನ ಮೇಲೆ ಮತ್ತೆ ಬಳಿಯಬಹುದು. ಇಲ್ಲಿ ಬೆಳಕು ಅಂದರೆ ಬಹುಪಾಲು ಕಾಗದದ ಬಿಳಿಯೇ. ಅದನ್ನು ಮೊದಲೇ ಲೆಕ್ಕ ಹಾಕಿ ಉಳಿಸಿಕೊಳ್ಳಬೇಕು. ನನಗೆ ಜಾಸ್ತಿ ಬೆರಗಾಗಿದ್ದು ಇದೇ.