ಮನವಿ ಯಾರಿಗೆ, ಹೇಗೆ, ಯಾವಾಗ? – ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಊರಿಗೆ ಕಾಯಿಲೆ ಬಂದಾಗ ಅಧಿಕಾರಿಗಳು ಮತ್ತು ಜನಪ್ರತಿನಿಧಿಗಳ ಮುಂದೆ ಅಹವಾಲು ಒಯ್ಯುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಸಾರ್ವಜನಿಕ ಆರೋಗ್ಯ ಮತ್ತು ಸ್ಥಳೀಯ ಆಡಳಿತದಲ್ಲಿ ಪಳಗಿದವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ವಾಂತಿಭೇದಿ ಹಬ್ಬಿದೆ. ಶುದ್ಧ ನೀರು ಕೊಡಿ ಎಂದು ಮನವಿ ಕೊಟ್ಟೆವು. ನೀರು ಪರೀಕ್ಷೆ ಮಾಡಿಸಿ, ‘ಕುಡಿಯಲು ಯೋಗ್ಯ’ ಎಂಬ ವರದಿಯನ್ನು ನಮ್ಮ ಕೈಗಿಟ್ಟರು. ಕಾಯಿಲೆ ಮಾತ್ರ ನಿಂತಿಲ್ಲ. ಮುಂದೇನು?
– ಓದುಗರು (ಊರಿನ ಹೆಸರು ಬೇಡ ಎಂದಿದ್ದಾರೆ)

ಆ ವರದಿ ಸುಳ್ಳೇ ಆಗಿರಬೇಕೆಂದಿಲ್ಲ. ದೂರು ಬಂದ ಕೂಡಲೇ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ, ಮರುದಿನ ಮಾದರಿ ತೆಗೆಯುತ್ತಾರೆ. ಪರೀಕ್ಷೆ ಸರಿಯಾಗಿಯೇ ನಡೆದಿರುತ್ತದೆ, ಆದರೆ ಜನ ಕುಡಿದು ಮಲಗಿದ ನೀರು ಅದಲ್ಲ. ಆದ್ದರಿಂದ ವರದಿ ಕೈಗೆ ಬಂದಾಗ ಮೂರು ವಿಷಯ ನೋಡಿ: ಮಾದರಿ ತೆಗೆದ ದಿನ ಮತ್ತು ಗಂಟೆ, ತೆಗೆದ ಜಾಗ ಟ್ಯಾಂಕೋ ನಲ್ಲಿಯೋ, ಆ ಹೊತ್ತಿನಲ್ಲಿ ನೀರಿನಲ್ಲಿ ಉಳಿದಿದ್ದ ಕ್ಲೋರಿನ್ ಎಷ್ಟು. ಈ ಮೂರೂ ಇಲ್ಲದ ವರದಿಯನ್ನು ಒಪ್ಪಿಕೊಳ್ಳಬೇಕಿಲ್ಲ, ಮರುಪರೀಕ್ಷೆಗೆ ಬರೆದು ಕೇಳಿ.

ಕೊಳೆ ಸೇರುವುದು ಬಹಳ ಸಲ ಟ್ಯಾಂಕಿನಲ್ಲಲ್ಲ, ಪೈಪು ಚರಂಡಿ ದಾಟುವ ಕಡೆ, ಇಲ್ಲವೇ ವಾಲ್ವ್ ಗುಂಡಿಯಲ್ಲಿ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಉಳಿದ ಹೊತ್ತು ಪೈಪು ಖಾಲಿ. ಒತ್ತಡ ಇಳಿದಾಗ ಸಣ್ಣ ಬಿರುಕಿನಿಂದಲೂ ಅದು ಸುತ್ತಲಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಮಾದರಿಯನ್ನು ಲೈನಿನ ಕೊನೆಯ ಮನೆಗಳ ನಲ್ಲಿಯಲ್ಲಿ, ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ತೆಗೆಯಲು ಹೇಳಿ. ಬಾಟಲಿ ಪ್ರಯೋಗಾಲಯದಿಂದ ಬಂದ ಸ್ಟೆರೈಲ್ ಬಾಟಲಿಯೇ ಆಗಿರಬೇಕು. ಕ್ಲೋರಿನ್ ಹಾಕಿದ ನೀರಾದರೆ ಅದರೊಳಗೆ ಸೋಡಿಯಂ ಥಯೋಸಲ್ಫೇಟ್ ಇರಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾಟಲಿಯೊಳಗೇ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತಾ ಹೋಗಿ ಫಲಿತಾಂಶ ಚೊಕ್ಕವಾಗಿ ಬರುತ್ತದೆ. ಬಾಟಲಿಯನ್ನು ತೊಳೆಯಬಾರದು. ಐಸ್ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ 6 ಗಂಟೆಯೊಳಗೆ, ಹೆಚ್ಚೆಂದರೆ 24 ಗಂಟೆಯೊಳಗೆ ತಲುಪಿಸಬೇಕು.

ಕ್ಲೋರಿನ್ ಲೆಕ್ಕ ನಿಮಗೂ ಗೊತ್ತಿರಲಿ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಬೇಕೆಂದರೆ ಸಾವಿರ ಲೀಟರಿಗೆ 6 ಗ್ರಾಂ, 50 ಸಾವಿರ ಲೀಟರಿನ ಟ್ಯಾಂಕಿಗೆ 300 ಗ್ರಾಂ. ಬಾಯಿ ತೆರೆದಿಟ್ಟ, ತೇವ ಹಿಡಿದ ಚೀಲದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ, ಅಳತೆ ಸರಿಯಿದ್ದರೂ ಕೆಲಸ ಆಗುವುದಿಲ್ಲ. ಪುಡಿಯನ್ನು ಕಲಸಿ, ತಳ ಇಳಿಯಲು ಬಿಟ್ಟು, ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆಯಾದರೂ ಕಾದು ನೀರು ಬಿಡಬೇಕು. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ರೋಗ ಹಬ್ಬಿರುವಾಗ 0.5 ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಕ್ಲೋರೋಸ್ಕೋಪಿನಲ್ಲಿ ಇದನ್ನು ಐದು ನಿಮಿಷದಲ್ಲಿ ಅಳೆಯಬಹುದು.

ಇನ್ನು ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷ್ಯವೆಂದರೆ ರೋಗಿಗಳ ಪಟ್ಟಿ. ಬಾಗಿಲ ಸಂಖ್ಯೆ, ವಯಸ್ಸು, ವಾಂತಿಭೇದಿ ಶುರುವಾದ ದಿನ ಮತ್ತು ಹೊತ್ತು, ಕುಡಿದ ನೀರು ಯಾವುದು, ಯಾವ ಆಸ್ಪತ್ರೆ: ಇಷ್ಟು ಸಾಕು. ಹೆಸರು ಹಾಕಬೇಡಿ, ಕಾಯಿಲೆಯವರ ಹೆಸರು ಊರೆಲ್ಲ ಸುತ್ತಬಾರದು. ಬೀದಿಯ ಕೈನಕ್ಷೆ ಬರೆದು ಆ ಮನೆಗಳಿಗೆ ಚುಕ್ಕಿ ಇಡಿ. ಚುಕ್ಕಿಗಳೆಲ್ಲ ಒಂದೇ ಲೈನಿನ ಮೇಲೆ ಬಿದ್ದರೆ ಅಗೆಯಬೇಕಾದ ಜಾಗ ಎಂಜಿನಿಯರ್ ಕಣ್ಣಿಗೇ ಕಾಣುತ್ತದೆ. ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲು ಕೆಲವು ರೋಗಿಗಳ ಮಲದ ಮಾದರಿ ತೆಗೆಯಬೇಕೆಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದುಕೊಡಿ. ಔಷಧ ಹೊಟ್ಟೆ ಸೇರಿದ ಮೇಲೆ ಕಾಲರಾ ಹೌದೋ ಅಲ್ಲವೋ ತಿಳಿಯುವುದು ಕಷ್ಟ. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕುಡಿಯುವ ನೀರೇ ಜೀವ ತೆಗೆಯಿತು. ಕವಾಡಿಗರಹಟ್ಟಿಯಲ್ಲಿ ಮೊದಲು ಎದ್ದದ್ದು ಯಾರೋ ನೀರಿಗೆ ವಿಷ ಬೆರೆಸಿದರೇ ಎಂಬ ಗುಮಾನಿ. ಬೇಗ ತೆಗೆದ ಮಾದರಿ ಇಂಥ ಗುಮಾನಿಗಳನ್ನೂ ತಡೆಯುತ್ತದೆ.

‘ಶುದ್ಧ ನೀರು ಕೊಡಿ’ ಎಂಬ ಮನವಿಗೆ ‘ಕೊಡುತ್ತಿದ್ದೇವೆ’ ಎಂದು ಉತ್ತರಿಸಿ ಕಡತ ಮುಚ್ಚಬಹುದು. ‘ಇಂಥ ಲೈನಿನ ಪೂರೈಕೆ ಇಂದೇ ನಿಲ್ಲಿಸಿ ಟ್ಯಾಂಕರ್ ಬಿಡಿ, ಇಂಥ ಎರಡು ಕಡೆ ಅಗೆದು ನೋಡಿ’ ಎಂಬುದಕ್ಕೆ ಹಾಗೆ ಉತ್ತರಿಸಲಾಗದು.

ಪ್ರಶ್ನೆ: ಊರ ಸುತ್ತಿನ ಕಾಡಿನಲ್ಲಿ ಮಂಗಗಳು ಸತ್ತಿವೆ. ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ನೂರು ಸಹಿಯ ಮನವಿ ಸಿದ್ಧ ಮಾಡಿದ್ದೇವೆ. ಇದು ಸಾಕೇ?
– ಓದುಗರು, ಸಿದ್ದಾಪುರ ತಾಲ್ಲೂಕು

ಆ ಬೇಡಿಕೆಯನ್ನು ಬದಲಿಸಿ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದರ ಬಳಕೆ ನಿಲ್ಲಿಸಲಾಯಿತು. ಹೊಸದರ ಅಭಿವೃದ್ಧಿ ನಡೆಯುತ್ತಿರುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಟ್ಟದಲ್ಲಿ. ತಾಲ್ಲೂಕು ಅಧಿಕಾರಿಯ ಕೈಯಲ್ಲಿಲ್ಲದ್ದನ್ನು ಕೇಳಿದರೆ ನೂರು ಸಹಿಯೂ ವ್ಯರ್ಥ. ಲಸಿಕೆಯ ಬೇಡಿಕೆಯನ್ನು ಬೇರೆಯೇ ಪತ್ರವಾಗಿ ಆರೋಗ್ಯ ಸಚಿವರಿಗೂ ನಿಮ್ಮ ಸಂಸದರಿಗೂ ಬರೆಯಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆಗೆ ಇಷ್ಟು ದಶಕಗಳಾದರೂ ನಂಬಬಹುದಾದ ಲಸಿಕೆ ಜನರ ಕೈಗೆ ಸಿಗದಿರುವುದು ಮಲೆನಾಡಿಗೆ ಆಗಿರುವ ಅನ್ಯಾಯ. ಅದನ್ನು ಗಟ್ಟಿಯಾಗಿಯೇ ಕೇಳಬೇಕು, ಕೊಡಬಲ್ಲವರ ಬಳಿ.

ಊರಿನ ಮನವಿ ಹೋಗಬೇಕಾದ್ದು ಜಿಲ್ಲಾಧಿಕಾರಿಗೆ. ಸತ್ತ ಮಂಗ ಅರಣ್ಯ ಇಲಾಖೆಯ ವ್ಯಾಪ್ತಿ, ಅದರ ಅಂಗಾಂಶ ತೆಗೆಯುವುದು ಪಶು ವೈದ್ಯರ ಕೆಲಸ, ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳು) ಹಿಡಿದು ಪರೀಕ್ಷೆಗೆ ಕಳಿಸುವುದು, ಜನರ ರಕ್ತ ತೆಗೆಯುವುದು ಆರೋಗ್ಯ ಇಲಾಖೆಯದು. ಮೂರೂ ಇಲಾಖೆಗಳಿಗೆ ಒಟ್ಟಿಗೆ ಹೇಳಬಲ್ಲವರು ಜಿಲ್ಲಾಧಿಕಾರಿ. ಜಿಲ್ಲಾ ಆರೋಗ್ಯಾಧಿಕಾರಿ, ಉಪ ಅರಣ್ಯ ಸಂರಕ್ಷಣಾಧಿಕಾರಿ, ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ ಪ್ರತಿ ಕೊಡಿ.

ಕೇಳಬೇಕಾದ್ದು ಇವು. ಮಂಗ ಸತ್ತ ಸುದ್ದಿ ಮುಟ್ಟಿದ ದಿನವೇ ಜಾಗಕ್ಕೆ ಬರುವುದು: ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಉದುರಿ ಅಲ್ಲೇ ಹರಡಿಕೊಳ್ಳುತ್ತವೆ, ತಡವಾದಷ್ಟೂ ಆ ಜಾಗ ಅಪಾಯದ ಗೂಡು. ನೀವೂ ಮುಟ್ಟಬೇಡಿ, ಫೋಟೊ ತೆಗೆದು ಜಾಗದ ಗುರುತು ಬರೆದಿಡಿ. ಎರಡನೆಯದು, ಜ್ವರ ಬಂದವರ ರಕ್ತದ ಮಾದರಿಯನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆಯುವುದು, ಫಲಿತಾಂಶ ಎಷ್ಟು ಗಂಟೆಯಲ್ಲಿ ಎಂದು ಬರೆದು ಹೇಳುವುದು. ಈ ರೋಗದ ವೈರಸ್ಸಿಗೆ ನೇರ ಔಷಧವಿಲ್ಲ, ಬೇಗ ಗುರುತಿಸಿ ಆರೈಕೆ ಕೊಡುವುದೇ ಚಿಕಿತ್ಸೆ. ಜ್ವರ ಇಳಿದ ವಾರ ಎರಡು ವಾರಕ್ಕೆ ಕೆಲವರಲ್ಲಿ ಅದು ಮರಳಿ ಬಂದು ನರಮಂಡಲವನ್ನು ಬಾಧಿಸುತ್ತದೆ. ಗುಣವಾಗಿ ಮನೆಗೆ ಬಂದವರನ್ನೂ ಆಶಾ ಕಾರ್ಯಕರ್ತೆ ನೋಡಿ ಬರಬೇಕೆಂದು ಬೇಡಿಕೆಯಲ್ಲಿ ಸೇರಿಸಿ. ದೊಡ್ಡ ಆಸ್ಪತ್ರೆಗೆ ಕಳಿಸಿದಾಗ ವೆಚ್ಚ ಯಾರದು ಎಂಬುದಕ್ಕೆ ಲಿಖಿತ ಆದೇಶದ ಪ್ರತಿ ಕೇಳಿ.

ಮೂರನೆಯದು ಡೆಪಾ ತೈಲ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವುದು. ‘ತೈಲ ಕೊಡಿ’ ಎಂದಷ್ಟೇ ಬರೆದರೆ ಹತ್ತು ಬಾಟಲಿ ಬಂದು ಪಂಚಾಯಿತಿ ಕಪಾಟು ಸೇರುತ್ತದೆ. ದರಕು (ಉದುರಿದ ಒಣ ಎಲೆ), ಸೌದೆ ತರಲು, ದನ ಕಾಯಲು ಕಾಡಿಗೆ ಹೋಗುವವರೆಷ್ಟು, ತೋಟದ ಕೂಲಿಗೆ ಬರುವವರೆಷ್ಟು ಎಂದು ಮನೆವಾರು ಎಣಿಸಿ, ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೆ ಇಷ್ಟು ಎಂದು ಬರೆಯಿರಿ. ಈ ಮನವಿ ಅಕ್ಟೋಬರ್‌ನಲ್ಲೇ ಹೋಗಬೇಕು. ಜನವರಿಯಲ್ಲಿ ಕೊಟ್ಟರೆ ಖರೀದಿ ಮುಗಿದು ತೈಲ ಬರುವ ಹೊತ್ತಿಗೆ ರೋಗ ಏರುಗತಿಯಲ್ಲಿರುತ್ತದೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಸಾವುನೋವು ಈ ಋತುವಿನ ವೇಗವನ್ನು ಎಲ್ಲರಿಗೂ ತೋರಿಸಿತು.

ಪ್ರಶ್ನೆ: ಡೆಂಗಿ ಹೆಚ್ಚಿದೆ. ಫಾಗಿಂಗ್ ಮಾಡಿಸಿ ಎಂದು ಶಾಸಕರಿಗೆ ಮನವಿ ಕೊಡೋಣವೇ?
– ಓದುಗರು, ಬೆಂಗಳೂರು

ಹೊಗೆ ಕೊಲ್ಲುವುದು ಹಾರಾಡುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಮರಿಗಳು ಒಂದೆರಡು ದಿನದಲ್ಲಿ ಮತ್ತೆ ಹಾರುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು, ಹಾಗಾಗಿ ವಾರಕ್ಕೊಮ್ಮೆ ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆ, ನಿಂತ ನೀರಿನ ತೆರವು, ಮರಿಗಳನ್ನು ಕೊಲ್ಲುವ ಟೆಮಿಫಾಸ್ ಔಷಧದ ಸಿಂಪಡಣೆ ಕೇಳಿ. ಸೊಳ್ಳೆ ಹುಟ್ಟುವ ಜಾಗಗಳನ್ನು ವಿಳಾಸ ಸಹಿತ ಪಟ್ಟಿ ಮಾಡಿ ಕೊಡಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ನಗರದಲ್ಲಿ ಮನೆಗೆ 400 ರೂಪಾಯಿ, ವಾಣಿಜ್ಯ ಜಾಗಕ್ಕೆ 1,000, ಖಾಲಿ ನಿವೇಶನ ಮತ್ತು ಕಟ್ಟಡ ಕಾಮಗಾರಿಗೆ 2,000. ಪಕ್ಕದ ನಿವೇಶನದ ದೂರಿನಲ್ಲಿ ಈ ಅಧಿಸೂಚನೆಯನ್ನು ಹೆಸರಿಸಿದರೆ ಆರೋಗ್ಯ ನಿರೀಕ್ಷಕರಿಗೆ ಕ್ರಮದ ದಾರಿ ಸಿಗುತ್ತದೆ. ಖಾಸಗಿ ಪ್ರಯೋಗಾಲಯಗಳಿಗೂ ಅದೇ ವರ್ಷ ಡೆಂಗಿ ಪತ್ತೆಯ ರಕ್ತಪರೀಕ್ಷೆಗಳಾದ ಎನ್ಎಸ್1ಗೆ 300, ಐಜಿಎಂಗೆ 300 ರೂಪಾಯಿ ಮಿತಿ ಹಾಕಲಾಗಿತ್ತು. ಹೆಚ್ಚು ವಸೂಲಿ ಮಾಡಿದರೆ ರಸೀದಿಯ ಪ್ರತಿಯೊಡನೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ.

ಪ್ರಶ್ನೆ: ಆನ್‌ಲೈನ್ ಅರ್ಜಿಗೆ ಸಾವಿರಾರು ಸಹಿ ಬಂದಿದೆ. ಅದಕ್ಕೆ ಬೆಲೆ ಇದೆಯೇ?
– ಓದುಗರು, ದಾವಣಗೆರೆ

ಸುದ್ದಿಯಾಗಲು ಇದೆ, ಕಡತವಾಗಲು ಇಲ್ಲ. ಅದೇ ವಿಷಯವನ್ನು ಒಂದು ಪುಟದಲ್ಲಿ ಬರೆದು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸಮಾರಂಭದ ವೇದಿಕೆಯಲ್ಲಿ ಸಚಿವರ ಕೈಗಿತ್ತ ಮನವಿ ಆಪ್ತ ಸಹಾಯಕರ ಚೀಲದಲ್ಲಿ ಕಳೆದುಹೋಗಬಹುದು. ವೇದಿಕೆಯಲ್ಲೂ ಕೊಡಿ, ಟಪಾಲಿನಲ್ಲೂ ಕೊಡಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದು ಅದನ್ನೂ ಮನವಿಯಲ್ಲಿ ಬರೆಯಿರಿ. ಉತ್ತರವನ್ನು ಬಾಯಿಮಾತಿನಲ್ಲಿ ಬೇಡ, ಲಿಖಿತ ಹಿಂಬರಹವಾಗಿ ಕೇಳಿ. ‘ಆಗುವುದಿಲ್ಲ’ ಎಂಬ ಹಿಂಬರಹವೂ ಮೇಲಿನ ಅಧಿಕಾರಿಯ ಬಳಿ ಹೋಗಲು ಬೇಕಾದ ದಾಖಲೆ.

ಪ್ರಶ್ನೆ: ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನ ಕಾಯಬೇಕು. ಅಷ್ಟರಲ್ಲಿ ಕಾಯಿಲೆ ಊರೆಲ್ಲ ಹಬ್ಬಿರುತ್ತದೆ. ಬೇರೆ ದಾರಿ?
– ಓದುಗರು, ಕಲಬುರಗಿ

ಮಾಹಿತಿ ಹಕ್ಕು ಕಾಯ್ದೆಯ ಕಲಂ 7(1)ರಂತೆ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯಲ್ಲಿ ಕೊಡಬೇಕು. ಅರ್ಜಿಯ ತಲೆಯಲ್ಲೇ ಇದನ್ನು ಬರೆದು, ಜೀವಕ್ಕೆ ಅಪಾಯ ಹೇಗೆಂದು ಒಂದು ಸಾಲಿನಲ್ಲಿ ಹೇಳಿ, ವೈದ್ಯರ ಚೀಟಿಯ ಪ್ರತಿ ಲಗತ್ತಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ‘ಏಕೆ ಹೀಗಾಯಿತು’ ಎಂದು ಕೇಳಬೇಡಿ, ಅದಕ್ಕೆ ಉತ್ತರಿಸುವ ಬಾಧ್ಯತೆ ಅವರಿಗಿಲ್ಲ. ದಾಖಲೆಯನ್ನೇ ಹೆಸರಿಸಿ: ಇಂಥ ತಿಂಗಳ ನೀರು ಪರೀಕ್ಷಾ ವರದಿಗಳು, ಕ್ಲೋರಿನೀಕರಣದ ವಹಿ, ಬ್ಲೀಚಿಂಗ್ ಮತ್ತು ಒಆರ್‌ಎಸ್ ದಾಸ್ತಾನು ವಹಿ.

ಪ್ರಶ್ನೆ: ಮನವಿಗೆ ಉತ್ತರವೇ ಇಲ್ಲ. ಕೋರ್ಟಿಗೆ ಹೋಗಲು ನಮ್ಮಲ್ಲಿ ಹಣವಿಲ್ಲ.
– ಓದುಗರು, ಗದಗ

ಹೈಕೋರ್ಟಿಗಿಂತ ಮೊದಲು ಉಪವಿಭಾಗಾಧಿಕಾರಿ ಇದ್ದಾರೆ. ಅವರು ಉಪವಿಭಾಗೀಯ ದಂಡಾಧಿಕಾರಿಯೂ ಹೌದು. ಜನರ ಆರೋಗ್ಯಕ್ಕೆ ಕುತ್ತಾದ ಚರಂಡಿ, ಕಸದ ರಾಶಿ ತೆಗೆಸಲು ಅವರು ಷರತ್ತಿನ ಆದೇಶ (ಇಷ್ಟು ದಿನದೊಳಗೆ ತೆಗೆಯಿರಿ, ಇಲ್ಲವೇ ಬಂದು ಕಾರಣ ಹೇಳಿ ಎಂಬ ಆದೇಶ) ಹೊರಡಿಸಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152. ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ಬಯಲು ಚರಂಡಿಯ ವಿರುದ್ಧ ಹೀಗೆಯೇ ದಂಡಾಧಿಕಾರಿಯ ಬಳಿ ಹೋದರು. ಪುರಸಭೆ ಹಣವಿಲ್ಲವೆಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ, ಹಣದ ಕೊರತೆ ಮೂಲಭೂತ ಹೊಣೆಯಿಂದ ಪಾರಾಗುವ ನೆಪವಾಗದು ಎಂದು ನಿವಾಸಿಗಳ ಪರ ನಿಂತಿತು. ನಿಮ್ಮ ಅರ್ಜಿಯಲ್ಲಿ ಈ ತೀರ್ಪನ್ನು ಹೆಸರಿಸಿ.

ನೀರು, ನೈರ್ಮಲ್ಯ, ಆಸ್ಪತ್ರೆ ಸೇವೆಯ ವ್ಯಾಜ್ಯಗಳನ್ನು ಕಾಯಂ ಲೋಕ ಅದಾಲತ್ತಿಗೂ ಒಯ್ಯಬಹುದು, ಕೋರ್ಟ್ ಶುಲ್ಕವಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಹೈಕೋರ್ಟಿನ ಮಟ್ಟದಲ್ಲೂ ಗೆಲ್ಲಿಸುವುದು ಅಂಕಿಯೇ. ಕೋವಿಡ್ ಹಬ್ಬಿದ್ದ 2021ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ರಾಜ್ಯದ ಆಮ್ಲಜನಕದ ಪಾಲನ್ನು ದಿನಕ್ಕೆ 965 ಟನ್ನಿನಿಂದ 1,200 ಟನ್ನಿಗೆ ಏರಿಸಲು ಕೇಂದ್ರಕ್ಕೆ ಹೇಳಿದ್ದು ಅಗತ್ಯ ಎಷ್ಟು, ಬರುತ್ತಿರುವುದು ಎಷ್ಟು ಎಂಬ ಲೆಕ್ಕ ಎದುರಿಗಿದ್ದುದರಿಂದ. ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈಹಾಕಲಿಲ್ಲ.

ಪ್ರಶ್ನೆ: ಮನವಿಯ ಮಾದರಿಯೊಂದನ್ನು ಕೊಡಿ.
– ಹಲವು ಓದುಗರು

ಆವರಣದಲ್ಲಿರುವುದನ್ನು ನಿಮ್ಮ ಊರಿಗೆ ತಕ್ಕಂತೆ ತುಂಬಿಕೊಳ್ಳಿ.

ಪೌರಾಯುಕ್ತರು, (ಊರು) ನಗರಸಭೆ, ಇವರಿಗೆ.

ವಿಷಯ: (ವಾರ್ಡ್ ಸಂಖ್ಯೆ) ವಾರ್ಡಿನಲ್ಲಿ ವಾಂತಿಭೇದಿ, (ಬೀದಿ) ಲೈನಿನ ನೀರು ಪೂರೈಕೆ ತಕ್ಷಣ ನಿಲ್ಲಿಸುವ ಬಗ್ಗೆ.

(ದಿನಾಂಕ)ದಿಂದ (ದಿನಾಂಕ)ದವರೆಗೆ ಈ ಲೈನಿನ (ಸಂಖ್ಯೆ) ಮನೆಗಳಲ್ಲಿ (ಸಂಖ್ಯೆ) ಮಂದಿಗೆ ವಾಂತಿಭೇದಿಯಾಗಿದೆ. (ಸಂಖ್ಯೆ) ಮಂದಿ ಆಸ್ಪತ್ರೆಯಲ್ಲಿದ್ದಾರೆ. ಪಟ್ಟಿ ಮತ್ತು ನಕ್ಷೆ ಲಗತ್ತಿಸಿದೆ. (ಗುರುತು) ಬಳಿ ಪೈಪು ಚರಂಡಿಯೊಳಗೆ ಹಾದಿದೆ, ಫೋಟೊ ಲಗತ್ತಿಸಿದೆ. ಇಂದೇ ಈ ಲೈನು ನಿಲ್ಲಿಸಿ ಟ್ಯಾಂಕರ್ ನೀರು ಕೊಡಬೇಕು. 24 ಗಂಟೆಯಲ್ಲಿ ಆ ಜಾಗ ಅಗೆದು ದುರಸ್ತಿ ಮಾಡಬೇಕು. ನಿವಾಸಿಗಳ ಎದುರಿನಲ್ಲಿ ಕೊನೆಯ ಮನೆಗಳ ನಲ್ಲಿಯಿಂದ ಮಾದರಿ ತೆಗೆಯಬೇಕು. ಪೂರೈಕೆ ಮತ್ತೆ ಶುರುವಾದ ಮೇಲೆ 15 ದಿನ ನಲ್ಲಿ ನೀರಿನ ಕ್ಲೋರಿನ್ ಅಳತೆಯನ್ನು ದಿನಕ್ಕೆರಡು ಬಾರಿ ವಾರ್ಡಿನ ಫಲಕದಲ್ಲಿ ಬರೆಯಬೇಕು. ಕೈಗೊಂಡ ಕ್ರಮದ ಹಿಂಬರಹವನ್ನು (ದಿನಾಂಕ)ದೊಳಗೆ ನೀಡಬೇಕು.

ಪ್ರತಿ: ಜಿಲ್ಲಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಉಪವಿಭಾಗಾಧಿಕಾರಿ, ಶಾಸಕರು, ವಾರ್ಡ್ ಸದಸ್ಯರು. ಲಗತ್ತುಗಳು: 3.