ಒಳ್ಳೆಯ ಟೆನಿಸ್ ಅಂಪೈರ್ ಆಗೋಕೆ ಕಣ್ಣು ಚುರುಕಾಗಿದ್ದರೆ ಸಾಕಾ?

ಕಣ್ಣು ಚುರುಕಾಗಿರಬೇಕು, ಆದರೆ ಅದೊಂದೇ ಸಾಲದು. ಗಂಟೆಗೆ 200 ಕಿ.ಮೀ. ವೇಗದ ಸರ್ವ್ ಬರುವಾಗ ಚೆಂಡನ್ನೇ ನೋಡುತ್ತಾ ಕೂತರೆ ಕೆಟ್ಟಿರಿ. ಚೆಂಡು ಗೆರೆಯ ಒಳಗೋ ಹೊರಗೋ ಅಂತ ಹೇಳುವ ಲೈನ್ ಅಂಪೈರ್ ಮೊದಲೇ ಗೆರೆಯ ಮೇಲೆ ಕಣ್ಣು ನೆಟ್ಟಿರಬೇಕು. ಚೆಂಡು ಗೆರೆಗೆ ಕೂದಲೆಳೆಯಷ್ಟು ತಾಗಿದರೂ ಒಳಗೇ ಲೆಕ್ಕ.

ನನ್ನ ಪ್ರಕಾರ ಅದಕ್ಕಿಂತ ಕಷ್ಟದ್ದು ತಪ್ಪು ಒಪ್ಪಿಕೊಳ್ಳುವುದು. ಬಾಯ್ತಪ್ಪಿ 'ಔಟ್' ಅಂದುಬಿಟ್ಟರೆ ಆ ಕ್ಷಣವೇ 'ಕರೆಕ್ಷನ್' ಅನ್ನಬೇಕು. ಲೈನ್ ಅಂಪೈರ್ ತೀರ್ಪನ್ನು ಎತ್ತರದ ಕುರ್ಚಿಯಲ್ಲಿ ಕೂತು ಪಂದ್ಯ ನಡೆಸುವ ಚೇರ್ ಅಂಪೈರ್ ತಿದ್ದಬಹುದು. ಆದರೆ ತಪ್ಪು ಸ್ಪಷ್ಟವಾಗಿದ್ದರೆ ಮಾತ್ರ, ಅದೂ ತಕ್ಷಣ. ಆಟಗಾರ ಕೂಗಾಡಿದ ಅಂತ ಆಮೇಲೆ ಬದಲಿಸಿದರೆ ಮುಗೀತು, ಇಡೀ ಮ್ಯಾಚ್ ಕೈತಪ್ಪುತ್ತದೆ.

ಗೆರೆ ನೋಡೋಕೆ ಕ್ಯಾಮೆರಾ ಬಂತಲ್ಲ, ಇನ್ನು ಮನುಷ್ಯರು ಯಾಕೆ ಅಂತೀರಾ? ವಿಂಬಲ್ಡನ್‌ನಲ್ಲೂ 2025ರಿಂದ ಲೈನ್ ಅಂಪೈರ್‌ಗಳಿಲ್ಲ, ನಿಜ. ಆದರೆ ಸರ್ವ್ ಮಾಡೋಕೆ ಇರುವ 25 ಸೆಕೆಂಡಿನ ಗಡಿಯಾರ ಶುರು ಮಾಡುವುದು, ಪ್ರೇಕ್ಷಕರನ್ನು ಸುಮ್ಮನಿರಿಸುವುದು, ರಾಕೆಟ್ ಕುಟ್ಟಿ ಮುರಿದವನಿಗೆ ದನಿ ಏರಿಸದೆ ಎಚ್ಚರಿಕೆ ಕೊಡುವುದು ಎಲ್ಲ ಚೇರ್‌ನಲ್ಲಿ ಕೂತವರದ್ದೇ ಕೆಲಸ. ಬಾಯಿಪಾಠ ಮಾಡಿದ ನಿಯಮ ಆಗ ಅರ್ಧ ಮಾತ್ರ ನೆರವಿಗೆ ಬರುತ್ತದೆ. ಉಳಿದದ್ದು ತಾಳ್ಮೆ.

ಬೆಂಗಳೂರಿನಲ್ಲಿದ್ದರೆ ಕಬ್ಬನ್ ಪಾರ್ಕ್‌ನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳದಲ್ಲಿ ಪಂದ್ಯ ಇದ್ದಾಗ ಒಮ್ಮೆ ಹೋಗಿ. ಒಂದೆರಡು ಗೇಮ್ ಚೆಂಡು ಬಿಟ್ಟು ಸುಮ್ನೆ ಅಂಪೈರ್ ಮುಖವನ್ನೇ ನೋಡಿ.