ಸೊಪ್ಪು ಅಂದರೆ ಉಪ್ಪು ಕೇಳಿಸುವ ಮುಂಚೆ

ಮಿಷನ್ ಮಾತು: ಓದುಗರ ಪ್ರಶ್ನೆಗೆ ಹಿಂದೆ ಮರ ಕೊಯ್ಯುತ್ತಿದ್ದವನ ಉತ್ತರ

ಪ್ರಶ್ನೆ: ನಮ್ಮದು 8 ಎಕರೆ ಕಾಫಿ ತೋಟ. ಆಳು ಸಿಗದೆ ಹೋದ ವರ್ಷ ನಾನೇ ಒಂದು ಚೈನ್ ಸಾ ತಗೊಂಡೆ. ಒಣಗಿದ ಸಿಲ್ವರ್ ಓಕ್ ಬೀಳಿಸುವುದು, ಮರಗಸಿ (ನೆರಳು ಮರದ ಕೊಂಬೆ ಸವರುವುದು) ಆದಮೇಲೆ ಕೊಂಬೆಗಳನ್ನು ಸೌದೆ ಮಾಡುವುದು ಎಲ್ಲಾ ನಾನೇ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ಆದರೂ ರಾತ್ರಿ ಮಲಗಿದಾಗ ಕಿವಿಯೊಳಗೆ ಗುಂಯ್ ಅನ್ನುತ್ತದೆ. ಬೆಳಗ್ಗೆ ಸರಿಹೋಗಿರುತ್ತದೆ. ಅಂಗಡಿಯಲ್ಲಿ ಕಿವಿಯೊಳಗೆ ಇಡುವ ಸ್ಪಂಜಿನ ಪ್ಲಗ್, ತಲೆಪಟ್ಟಿಯ ಎರಡು ಬಟ್ಟಲು ಕಿವಿ ಮುಚ್ಚುವ ಮಫ್, ಹೆಲ್ಮೆಟ್‌ಗೆ ಸೇರಿದ ಮಫ್ ಮೂರನ್ನೂ ತೋರಿಸಿದರು. ಒಂದರ ಮೇಲೆ 27, ಇನ್ನೊಂದರ ಮೇಲೆ 30, ಮತ್ತೊಂದರ ಮೇಲೆ 33 ಅಂತ ನಂಬರ್. ಯಾವುದು ತಗೊಳ್ಳಲಿ? ನಾನು ಕನ್ನಡಕ ಹಾಕುತ್ತೇನೆ.
(ಓದುಗರು, ಮೂಡಿಗೆರೆ)

ಉತ್ತರ: ಹತ್ತಿಯನ್ನು ಇವತ್ತೇ ಎಸೆಯಿರಿ. ನಾನೂ ಹತ್ತಿಯವನೇ. 1996ರಿಂದ 19 ವರ್ಷ ನಿಮ್ಮ ಬಾಳೂರು, ಕೊಟ್ಟಿಗೆಹಾರದ ಕಡೆ ತೋಟಗಳಲ್ಲಿ ಮರ ಕೊಯ್ದವನು. ಹತ್ತಿ ಮರೆತ ದಿನ ಬೀಡಿ ಕಟ್ಟಿನ ಕಾಗದ ಸುತ್ತಿ ಕಿವಿಗೆ ತುರುಕಿದ್ದೂ ಉಂಟು. ಈಗ ಮನೆಯವಳು ಅಡುಗೆಮನೆಯಿಂದ ‘ಸೊಪ್ಪು ತನ್ನಿ’ ಅಂದರೆ ನನಗೆ ‘ಉಪ್ಪು’ ಅಂತ ಕೇಳಿಸುತ್ತದೆ. ಎರಡು ಸಲ ಉಪ್ಪು ತಂದು ಬೈಸಿಕೊಂಡಿದ್ದೇನೆ. ಮಿಷನ್ ಸದ್ದು ಮೊದಲು ತಿನ್ನುವುದು ಚೂಪು ದನಿಗಳನ್ನು. ಸ, ಶ, ತ ಹೋಗುತ್ತವೆ, ಒ, ಉ ಉಳಿಯುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಬೇಸಗೆಯಲ್ಲಿ ಕಾಡೆಲ್ಲ ಜೀರುಂಡೆ ಕೂಗುತ್ತದಲ್ಲ, ಅದೂ ನನಗೀಗ ಕೇಳುವುದಿಲ್ಲ. ಕಿವಿಯೊಳಗೆ ಮಾತ್ರ ಒಂದು ಜೀರುಂಡೆ ಹನ್ನೆರಡು ತಿಂಗಳೂ ಕೂಗುತ್ತಿರುತ್ತದೆ.

ನಿಮ್ಮ ಗುಂಯ್ ಬೆಳಗ್ಗೆ ಹೊತ್ತಿಗೆ ನಿಲ್ಲುತ್ತದೆ ಅಂದಿರಿ. ನನ್ನದೂ ಮೊದಮೊದಲು ನಿಲ್ಲುತ್ತಿತ್ತು. ಒಳಕಿವಿಯಲ್ಲಿ ಸದ್ದು ಹಿಡಿಯುವ ಸಣ್ಣ ಸಣ್ಣ ರೋಮದ ಕೋಶಗಳಿರುತ್ತವೆ. ಸಸಿಮಡಿಗೆ ದನ ನುಗ್ಗಿದ ಹಾಗೆ ಅಂದುಕೊಳ್ಳಿ. ಒಂದೆರಡು ಸಲ ತುಳಿದರೆ ಸಸಿ ಬಗ್ಗಿ ಮತ್ತೆ ಏಳುತ್ತದೆ, ದಿನಾ ತುಳಿದರೆ ಏಳುವುದಿಲ್ಲ. ಸಸಿಯನ್ನಾದರೆ ಮತ್ತೆ ಬಿತ್ತಬಹುದು, ಇದನ್ನು ಬಿತ್ತಲಿಕ್ಕೆ ಆಗುವುದಿಲ್ಲ.

ಈಗ ಲೆಕ್ಕ. ಪೆಟ್ರೋಲ್ ಚೈನ್ ಸಾ ಹಿಡಿದವನ ಕಿವಿ ಹತ್ತಿರ ಸದ್ದು ಸಾಮಾನ್ಯವಾಗಿ 105ರಿಂದ 110 ಡೆಸಿಬಲ್. ನಮ್ಮ ಕಾರ್ಖಾನೆಗಳ ನಿಯಮ ದಿನಕ್ಕೆ 8 ಗಂಟೆಗೆ 90 ಡೆಸಿಬಲ್ ತನಕ ಬಿಡುತ್ತದೆ. ದುಡಿಯುವವರ ಆರೋಗ್ಯ ನೋಡುವ ಅಮೆರಿಕದ ನಯೋಷ್ ಸಂಸ್ಥೆಯವರು ಇನ್ನೂ ಬಿಗಿ. 8 ಗಂಟೆಗೆ 85 ಸಾಕು, ಅದರ ಮೇಲೆ 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ ಮಾಡಿ ಅನ್ನುತ್ತಾರೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಇಳಿಸುತ್ತಾ ಹೋದರೆ 100ಕ್ಕೆ ಕಾಲು ಗಂಟೆ. 109ಕ್ಕೆ ಬಂದರೆ 2 ನಿಮಿಷವೂ ಇಲ್ಲ. ಒಂದು ದಪ್ಪ ದಿಮ್ಮಿ ಕೊಯ್ಯುವಷ್ಟರಲ್ಲಿ ಆ ದಿನದ ಪಾಲು ಮುಗಿಯಿತು!

ಡಬ್ಬಿ ಮೇಲಿನ ನಂಬರ್ ಅಂದರೆ ಎಷ್ಟು ಡೆಸಿಬಲ್ ತಡೆಯುತ್ತದೆ ಅನ್ನುವುದು, ಅದು ಕಂಪನಿಯ ಪ್ರಯೋಗಾಲಯದ ಲೆಕ್ಕ. ತೋಟದಲ್ಲಿ ಅಷ್ಟು ಸಿಗುವುದಿಲ್ಲ. ಎನ್‌ಆರ್‌ಆರ್ ಅಂತ ಬರೆದಿದ್ದರೆ ಅದು ಅಮೆರಿಕದ ಅಳತೆ. ಅದರಲ್ಲಿ 7 ಕಳೆದು ಅರ್ಧ ಮಾಡಿ ಅನ್ನುವ ಲೆಕ್ಕ ಅಲ್ಲಿಯವರದ್ದೇ. 27 ಇದ್ದರೆ 10 ಉಳಿಯಿತು. ಎಸ್‌ಎನ್‌ಆರ್ ಅಂತ ಇದ್ದರೆ ಅದು ಯುರೋಪಿನದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು 30 ದೊಡ್ಡದಾ 27 ದೊಡ್ಡದಾ ಅಂತ ನೋಡಬೇಡಿ, ಸೇರು ಬೇರೆ ಕೊಳಗ ಬೇರೆ.

ನಂಬರಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ನನಗಿದು ತಿಳಿದಿದ್ದು ಕಿವಿ ಹೋದಮೇಲೆ. 30 ಡೆಸಿಬಲ್ ನಿಜವಾಗಿ ತಡೆಯುವ ಮಫ್ ತಗೊಂಡಿರಿ ಅನ್ನೋಣ. ಒಂದು ಗಂಟೆ ಕೊಯ್ಲಲ್ಲಿ 6 ನಿಮಿಷ ಮಾತ್ರ ಅದನ್ನು ಕುತ್ತಿಗೆಗೆ ಇಳಿಸಿಕೊಂಡು ಕೊಯ್ದರೆ, ಒಟ್ಟು ಲೆಕ್ಕದಲ್ಲಿ ಸಿಕ್ಕಿದ ರಕ್ಷಣೆ ಸುಮಾರು 10. ಅರ್ಧ ಗಂಟೆ ಇಳಿಸಿದರೆ ಬರೀ 3! ಅಂದರೆ 33ರ ದುಬಾರಿ ಮಫ್ ಆಗಾಗ ತೆಗೆಯುವವನಿಗಿಂತ 25ರದ್ದನ್ನು ತೆಗೆಯದೇ ಇರುವವನ ಕಿವಿ ಚೆನ್ನಾಗಿರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವುದು ಜಾಸ್ತಿ ತಡೆಯುತ್ತದೆ’ ಅಲ್ಲ. ಹಾಕಿಕೊಂಡು ಹತ್ತು ನಿಮಿಷ ಅಲ್ಲೇ ನಿಲ್ಲಿ. ಅಂಗಡಿಯವನು ನಕ್ಕರೆ ನಗಲಿ. ನೆತ್ತಿ ಒತ್ತಿದರೆ, ಕಿವಿ ಬಟ್ಟಲಿನ ಅಂಚಿಗೆ ತಾಗಿದರೆ, ನೀವದನ್ನು ತೋಟದಲ್ಲಿ ಖಂಡಿತ ತೆಗೆಯುತ್ತೀರಿ. ಬೇಡ.

ನೀವು ಮರ ಬೀಳಿಸುತ್ತೀರಿ. ಹಾಗಾಗಿ ನನ್ನ ಓಟು ಹೆಲ್ಮೆಟ್ ಮಫ್‌ಗೆ, ಮುಖಕ್ಕೆ ಜಾಲರಿ ಇರುವುದು. ಮೇಲಿಂದ ಒಣ ರೆಂಬೆ ಬಿದ್ದರೆ ತಲೆಗೂ ಏನಾದರೂ ಬೇಕಲ್ವಾ? ಆದರೆ ಅದರಲ್ಲಿ ಒಂದು ಊನ ಇದೆ. ಹೆಲ್ಮೆಟ್‌ಗೆ ಸೇರಿದ ಬಟ್ಟಲು ತಲೆಪಟ್ಟಿಯ ಮಫ್‌ನಷ್ಟು ಬಿಗಿಯಾಗಿ ಕೂರುವುದಿಲ್ಲ. ಮೇಲೆ ನಿಮ್ಮ ಕನ್ನಡಕದ ಕಡ್ಡಿ ಬೇರೆ. ಅದು ಮೆತ್ತೆಯನ್ನು ಎತ್ತಿ ಹಿಡಿದು ಸಂದು ಮಾಡುತ್ತದೆ, ಅಲ್ಲಿಂದ ಸದ್ದು ಒಳಗೆ ನುಗ್ಗುತ್ತದೆ. ಮಿಷನ್ ಓಡುತ್ತಿರುವಾಗ ಇನ್ನೊಬ್ಬರ ಕೈಲಿ ಎರಡೂ ಬಟ್ಟಲನ್ನು ತಲೆಗೆ ಒತ್ತಿಸಿ ನೋಡಿ. ಸದ್ದು ಇನ್ನೂ ಇಳಿದರೆ ಸಂದು ಇದೆ ಅಂತಲೇ. ತೆಳು ಚಪ್ಪಟೆ ಕಡ್ಡಿಯ ಕನ್ನಡಕ ಮಾಡಿಸಿ. ಟೊಪ್ಪಿ, ಮಫ್ಲರನ್ನು ಮಫ್ ಕೆಳಗೆ ಸೇರಿಸಬೇಡಿ.

ಅರ್ಧ ಗಂಟೆಗಿಂತ ಜಾಸ್ತಿ ಕೊಯ್ಯುವ ದಿನ ಒಳಗೆ ಸ್ಪಂಜಿನ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕಿ. 100 ಡೆಸಿಬಲ್ ದಾಟಿದರೆ ಎರಡೂ ಬೇಕು ಅಂತ ನಯೋಷ್‌ನವರೂ ಹೇಳುತ್ತಾರೆ. 30ಕ್ಕೆ 30 ಸೇರಿ 60 ಆಗುವುದಿಲ್ಲ, ಸುಮಾರು 5 ಸೇರುತ್ತದೆ ಅಷ್ಟೇ. ಆದರೆ ಒಂದು ಜಾರಿದರೂ ಇನ್ನೊಂದು ಇರುತ್ತದೆ.

ಪ್ಲಗ್ ಹಾಕುವುದು ಹತ್ತಿ ತುರುಕಿದ ಹಾಗಲ್ಲ. ಒಣಗಿದ, ತೊಳೆದ ಬೆರಳಲ್ಲಿ ಹೊಸೆದು ಊದುಬತ್ತಿ ಕಡ್ಡಿಯ ಹಾಗೆ ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಒಳದಾರಿ ನೆಟ್ಟಗಾಗುತ್ತದೆ. ತೂರಿಸಿ ಬೆರಳಲ್ಲಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ, ಉಬ್ಬಲಿ. ಸರಿಯಾಗಿ ಕೂತಿದ್ದರೆ ನಿಮ್ಮ ದನಿಯೇ ನಿಮಗೆ ಹಂಡೆಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಅರ್ಧ ಹೊರಗೆ ನೇತಾಡುತ್ತಿದ್ದರೆ ಅದು ಓಲೆ, ಪ್ಲಗ್ ಅಲ್ಲ.

ಸ್ಟಾರ್ಟರ್ ಹಗ್ಗ ಎಳೆಯುವ ಮೊದಲು ಕಿವಿ ಮುಚ್ಚಿ. ಬೆವರು ಒರೆಸಲಿ, ಎಲೆಅಡಿಕೆ ಹಾಕಲಿ, ಮೊದಲು ಮಿಷನ್ ಆಫ್, ಆಮೇಲೆ ಮಫ್. ಕಿವಿ ಮುಚ್ಚಿದಾಗ ಕೂಗು ಕೇಳದು ಅನ್ನುವ ಭಯ ಸರಿಯೇ. ಅದಕ್ಕೆ ಜೊತೆಗಾರನೊಂದಿಗೆ ಕೈಸನ್ನೆ ಮಾತಾಡಿಕೊಳ್ಳಿ. ಮರ ಬೀಳಿಸುವಾಗ ಅವನು ಮರದ ಎತ್ತರದ ಎರಡರಷ್ಟು ದೂರ ಇರಲಿ. ಹಿಂದಿನಿಂದ ಬಂದು ಭುಜ ಮುಟ್ಟುವುದು ಬೇಡವೇ ಬೇಡ.

ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರು ಕಡೆ ಹೋದಾಗ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಾನು ಮಾಡಿಸಿದ್ದು ಅಲ್ಲೇ. ಹಿಂದಿನ ದಿನ ಮಿಷನ್ ಮುಟ್ಟಬೇಡಿ, ಲೆಕ್ಕ ತಪ್ಪುತ್ತದೆ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದವಾದರೆ ಮಾತ್ರ ಮೈಸೂರಿಗಾಗಿ ಕಾಯಬೇಡಿ, ಅವತ್ತೇ ಹತ್ತಿರದ ಕಿವಿ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮಳೆಗಾಲದಲ್ಲಿ ಕಳೆ ಕೊಚ್ಚುವ ಮಿಷನ್ ಹಿಡಿದು ಪ್ಲಗ್ ಹಾಕಿದರೆ ಕಿವಿ ತುರಿಸುತ್ತದೆ. ಬೂಸ್ಟು ಬಂದಿದೆ ಅಂದರು ಡಾಕ್ಟರು. ಏನು ಮಾಡಲಿ?
(ಓದುಗರು, ತೀರ್ಥಹಳ್ಳಿ)

ಉತ್ತರ: ನಮ್ಮ ಮಳೆಗೆ ಚಪ್ಪಲಿಗೇ ಬೂಸ್ಟು ಬರುತ್ತದೆ, ಒದ್ದೆ ಕಿವಿ ಬಿಡುತ್ತದೆಯೇ? ವಾಸಿಯಾಗಿದೆ ಅಂತ ಡಾಕ್ಟರು ಹೇಳುವ ತನಕ ಪ್ಲಗ್ ಬೇಡ, ಮಫ್ ಒಂದೇ ಹಾಕಿ. ಆಮೇಲೂ ಸ್ಪಂಜಿನದ್ದನ್ನು ಒಂದು ದಿನ ಬಳಸಿ ಎಸೆಯಿರಿ, ಆಯಿಲ್ ಕೈಯಲ್ಲಿ ಮುಟ್ಟಬೇಡಿ. ಮಫ್ ಮೆತ್ತೆಯನ್ನು ಸಂಜೆ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ಒಲೆಯಿಂದ ಸ್ವಲ್ಪ ದೂರ ನೇತುಹಾಕಿ. ತೀರಾ ಹತ್ತಿರ ಇಟ್ಟರೆ ಮೆತ್ತೆ ಗಟ್ಟಿಯಾಗಿ ಬಿರಿಯುತ್ತದೆ. ನನ್ನದೊಂದು ಹಾಗೇ ಹಾಳಾಯಿತು. ಬಿರಿದ ಮೆತ್ತೆ ಸದ್ದು ತಡೆಯುವುದಿಲ್ಲ. ಎಷ್ಟೋ ಕಂಪನಿಗಳು ಮೆತ್ತೆಯನ್ನೇ ಬಿಡಿಯಾಗಿ ಮಾರುತ್ತವೆ, ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ನಮ್ಮ ಹುಡುಗರು ಕಿವಿಗೆ ಇಯರ್‌ಫೋನ್ ಹಾಕಿ ಹಾಡು ಕೇಳುತ್ತಾ ಮರ ಕೊಯ್ಯುತ್ತಾರೆ. ಮಿಷನ್ ಸದ್ದೇ ಕೇಳಲ್ಲ ಅನ್ನುತ್ತಾರೆ. ಸಾಕಾ?
(ಓದುಗರು, ಸಕಲೇಶಪುರ)

ಉತ್ತರ: ಮಿಷನ್ ಮೀರಿ ಹಾಡು ಕೇಳಬೇಕಾದರೆ ಹಾಡಿನ ಸದ್ದು ಎಷ್ಟಿರಬೇಕು, ನೀವೇ ಯೋಚಿಸಿ. ಒಂದು ಪೆಟ್ಟು ಹೊರಗಿನಿಂದ, ಒಂದು ಒಳಗಿನಿಂದ. ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಸಿ, ಮಫ್ ಕೊಡಿಸಿ. ಬಣ್ಣದ್ದು ಕೊಡಿಸಿ, ಕೆಂಪೋ ಕಿತ್ತಳೆಯೋ. ಹುಡುಗರು ಅಂಥದ್ದನ್ನು ಬೇಗ ತೆಗೆಯುವುದಿಲ್ಲ, ತೆಗೆದರೂ ದೂರದಿಂದ ನಿಮಗೆ ಕಾಣುತ್ತದೆ.

ಪ್ರಶ್ನೆ: ಬ್ಯಾಟರಿ ಚೈನ್ ಸಾಗೂ ಮಫ್ ಬೇಕಾ?
(ಓದುಗರು, ಸಿದ್ದಾಪುರ)

ಉತ್ತರ: ಬೇಕು. ಹೊಗೆ ಇಲ್ಲ, ಸದ್ದು ಕಮ್ಮಿ, ನಿಜ. ಆದರೂ ಕೊಯ್ಯುವಾಗ ಎಷ್ಟೋ ಮಿಷನ್‌ಗಳು 90 ಡೆಸಿಬಲ್ ದಾಟುತ್ತವೆ. ಇದಕ್ಕೆ ಒಂದು ಮಫ್ ಸಾಕು, ಒಳಗೆ ಪ್ಲಗ್ ಬೇಡ.